ಕಾರ್ಡು ಯಾರ ಪೆಟ್ಟಿಗೆಯಲ್ಲಿದೆ?

(ಮಹಿಳಾ ಸಂಘಗಳ ಕಾರ್ಯಕರ್ತೆಯರಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗಿನ ಗೋಷ್ಠಿಯಲ್ಲಿ ನಾವು ವರದಕ್ಷಿಣೆ ಸಾವುಗಳ ಬಗ್ಗೆ, ಠಾಣೆಯಲ್ಲಿ ದೂರು ಬರೆಸುವ ಬಗ್ಗೆ, ನ್ಯಾಯಾಲಯದ ಅಲೆದಾಟದ ಬಗ್ಗೆ ಮಾತಾಡಿದೆವು. ಊಟದ ನಂತರ ನನಗೆ ಕೊಟ್ಟಿರುವ ವಿಷಯ ಸರ್ಕಾರಿ ಆರೋಗ್ಯ ವಿಮೆ. "ಇದು ಏಜೆಂಟರ ಕೆಲಸ ಅಲ್ಲವೇನ್ರೀ?" ಎಂದು ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಿಯೇ ಮುಂದೆ ಹೋಗುತ್ತೇನೆ.

ನಮ್ಮ ಸಂಘಗಳಿಗೆ ಬರುವ ಹೆಂಗಸರ ಮಾತನ್ನು ಗಮನವಿಟ್ಟು ಕೇಳಿ. ವರದಕ್ಷಿಣೆ ಎಂದಾಗ ಮದುವೆಯ ದಿನ ಎಣಿಸಿಕೊಟ್ಟ ಹಣ, ಹಾಕಿದ ಬಂಗಾರ, ಕೊಡಿಸಿದ ಬೈಕು ಎಂದು ನಾವು ಪಟ್ಟಿ ಮಾಡುತ್ತೇವೆ. ಆದರೆ ಮದುವೆಯಾಗಿ ಐದು ವರ್ಷ, ಹತ್ತು ವರ್ಷ ಕಳೆದರೂ ಬೇಡಿಕೆ ನಿಲ್ಲುವುದಿಲ್ಲ. ಅದು ವೇಷ ಬದಲಾಯಿಸುತ್ತದೆ. ಮೊದಲ ಹೆರಿಗೆಯ ಖರ್ಚು ತವರಿನದು. ಸಿಸೇರಿಯನ್ ಆದರೆ ಆ ಬಿಲ್ಲೂ ತವರಿನದು. ಗರ್ಭಕೋಶದ ತೊಂದರೆ ಬಂದರೆ, "ಕಾಯಿಲೆ ಹುಡುಗಿಯನ್ನು ನಮಗೆ ಕಟ್ಟಿದ್ದಾರೆ, ಅವರಪ್ಪನೇ ತೋರಿಸಲಿ" ಎಂಬ ಮಾತು. ಗಂಡನೇ ಹೊಡೆದು ಕೈ ಮುರಿದಿದ್ದರೂ ಆಸ್ಪತ್ರೆಯ ದುಡ್ಡಿಗಾಗಿ ಫೋನು ಹೋಗುವುದು ಅವಳ ಅಣ್ಣನಿಗೆ. ಹೀಗೆ ಹೆಣ್ಣಿನ ಶರೀರಕ್ಕೆ ಬರುವ ಪ್ರತಿಯೊಂದು ನೋವೂ ತವರಿನಿಂದ ಹಣ ಎಳೆಯಲು ಒಂದು ಹೊಸ ನೆಪವಾಗುತ್ತದೆ. ಆಸ್ಪತ್ರೆಯ ಬಿಲ್ಲು ಎಂಬುದು ಕಂತಿನಲ್ಲಿ ವಸೂಲಾಗುವ ವರದಕ್ಷಿಣೆ.

ಕಾನೂನು ಇದನ್ನು ಗುರುತಿಸದೆ ಇಲ್ಲ. ಹಿಂದಿನ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿದೆ. ಆಸ್ತಿಗಾಗಿ ಅಥವಾ ಬೆಲೆಬಾಳುವ ವಸ್ತುವಿಗಾಗಿ ಕಾನೂನುಬಾಹಿರ ಬೇಡಿಕೆ ಇಟ್ಟು ಹೆಂಡತಿಯನ್ನೋ ಅವಳ ಕಡೆಯವರನ್ನೋ ಪೀಡಿಸುವುದು ಅಲ್ಲಿಯೂ ಕ್ರೌರ್ಯವೇ. ಆದರೆ ಮೊಕದ್ದಮೆ ತೀರ್ಮಾನವಾಗಲು ವರ್ಷಗಳು ಹಿಡಿಯುತ್ತವೆ. ಮುರಿದ ಮೂಳೆ ಅಲ್ಲಿಯವರೆಗೆ ಕಾಯುವುದಿಲ್ಲ. ಆದ್ದರಿಂದಲೇ ಚಿಕಿತ್ಸೆಯ ಹಣ ಎಲ್ಲಿಂದ ಬರುತ್ತದೆ, ಅದರ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ನಮ್ಮ ಚಳವಳಿಯ ಪ್ರಶ್ನೆ.

ಇದು ದಾನವಲ್ಲ

ವಿಮೆ ಎಂದರೆ ಸರಳವಾಗಿ ಇಷ್ಟೇ: ಕಾಯಿಲೆ ಯಾರಿಗೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಎಲ್ಲರ ಹಣವನ್ನೂ ಒಂದೆಡೆ ಕೂಡಿಟ್ಟು, ಬಿದ್ದವರನ್ನು ಅದರಿಂದ ಎತ್ತುವುದು. ಕೂಡಿಡುವ ಹಣ ಸಂಬಳದಿಂದ ಮುರಿದದ್ದಾಗಿರಬಹುದು, ವರ್ಷಕ್ಕೊಮ್ಮೆ ಕಟ್ಟಿದ ಕಂತಾಗಿರಬಹುದು, ಇಲ್ಲವೇ ನಾವೆಲ್ಲ ಕೊಡುವ ತೆರಿಗೆಯಾಗಿರಬಹುದು. ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕೊಡುತ್ತೇವೆ. ಹಾಗಾಗಿ ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆ ಕೇಳುವಾಗ ಭಿಕ್ಷೆ ಬೇಡುವವರಂತೆ ಸೆರಗು ಒಡ್ಡಬೇಕಾಗಿಲ್ಲ.

ಈ ದೇಶದಲ್ಲಿ ಇದರ ಇತಿಹಾಸ ಚಿಕ್ಕದಲ್ಲ. 1948ರ ಕಾಯ್ದೆಯಿಂದ ಹುಟ್ಟಿದ ಇಎಸ್‌ಐ ಯೋಜನೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು. ಆಗ ಒಬ್ಬರಿಗೆ ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಕಂತು. 2008ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು. ಬಡ ಕುಟುಂಬಕ್ಕೆ 30 ರೂಪಾಯಿ ನೋಂದಣಿ ಶುಲ್ಕ, ವರ್ಷಕ್ಕೆ 30,000 ರೂಪಾಯಿಯವರೆಗೆ ಆಸ್ಪತ್ರೆ ಖರ್ಚು. 2010ರಲ್ಲಿ ಗುಲ್ಬರ್ಗ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಶುರುವಾಗಿ, ಹೃದಯ, ಕ್ಯಾನ್ಸರ್, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗಳು ಬಡವರಿಗೆ ದೊರಕುವಂತಾಯಿತು. ಆ ಯೋಜನೆ ಬಂದ ಹಳ್ಳಿಗಳನ್ನೂ, ಅವುಗಳಿಗೆ ಹತ್ತಿರದಲ್ಲೇ ಇದ್ದು ಇನ್ನೂ ಯೋಜನೆ ಬರದಿದ್ದ ಹಳ್ಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಸಾಯುವವರ ಪ್ರಮಾಣ ಯೋಜನೆ ಬಂದ ಹಳ್ಳಿಗಳಲ್ಲಿ ಬಹಳ ಕಡಿಮೆಯಿತ್ತು. ಕಾಗದದ ಮೇಲಿನ ಯೋಜನೆಯಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ಈ ಮಾತು ಹೇಳಬೇಕು: ಜೀವ ಉಳಿಯುತ್ತದೆ.

2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ್ ಆರಂಭವಾಗಿ, ಅಕ್ಟೋಬರ್ ಕೊನೆಯಲ್ಲಿ ಎರಡೂ ಸೇರಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಆಯಿತು. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇಲ್ಲಿ ವಿಮಾ ಕಂಪನಿಯಿಲ್ಲ, ನಾವು ಕಟ್ಟಬೇಕಾದ ಕಂತೂ ಇಲ್ಲ. ಕಂತು ಕಟ್ಟಿದರೆ ಹೆಸರು ಸೇರಿಸುತ್ತೇನೆಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಅವನು ಮೋಸಗಾರ ಎಂದೇ ತಿಳಿಯಿರಿ.

ಆಹಾರ ಭದ್ರತಾ ಕಾಯ್ದೆಯ ಪಡಿತರ ಚೀಟಿ, ಅಂದರೆ ನಾವು ಬಿಪಿಎಲ್ ಕಾರ್ಡು, ಅಂತ್ಯೋದಯ ಕಾರ್ಡು ಎನ್ನುವುದು ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ಉಳಿದವರು ಈ ಯೋಜನೆಯ ಭಾಷೆಯಲ್ಲಿ 'ಸಾಮಾನ್ಯ ರೋಗಿ'ಗಳು. ಅವರಿಗೆ ಸರ್ಕಾರ ಗೊತ್ತುಮಾಡಿದ ದರದಲ್ಲಿ ಶೇಕಡಾ 30ರಷ್ಟನ್ನು ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಮಿಕ್ಕದ್ದು ರೋಗಿಯ ಪಾಲು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನ ಮಾತಿನ ಮುಖ್ಯ ಎಳೆ ಇಲ್ಲಿಯೇ ಇದೆ.

'ಕುಟುಂಬ' ಎಂಬ ಪದ

ಈ ಯೋಜನೆಗಳೆಲ್ಲ ಮತ್ತೆ ಮತ್ತೆ ಬಳಸುವ ಪದ 'ಕುಟುಂಬ'. ಕುಟುಂಬಕ್ಕೆ ಇಷ್ಟು, ಕುಟುಂಬಕ್ಕೆ ಅಷ್ಟು. ಒಂದು ಮನೆಯಲ್ಲಿ ಇರುವವರೆಲ್ಲ ಒಬ್ಬರಿಗೊಬ್ಬರು ಆಗುತ್ತಾರೆ, ಹೆಂಡತಿಗೆ ಕಾಯಿಲೆಯಾದರೆ ಗಂಡ ಕಾರ್ಡು ಹಿಡಿದು ಓಡಿಬರುತ್ತಾನೆ ಎಂಬ ನಂಬಿಕೆಯ ಮೇಲೆ ಈ ಪದ ನಿಂತಿದೆ. ನಮ್ಮ ಸಂಘದ ಬಾಗಿಲಿಗೆ ಬರುವ ಹೆಂಗಸಿನ ಅನುಭವ ಈ ನಂಬಿಕೆಗೆ ತೀರಾ ವಿರುದ್ಧ.

2008ರ ಯೋಜನೆಯನ್ನೇ ನೋಡಿ. ಅದರಲ್ಲಿ ಒಂದು ಕುಟುಂಬದಿಂದ ಐದು ಜನ ಮಾತ್ರ: ಯಜಮಾನ, ಅವನ ಹೆಂಡತಿ, ಮೂವರು ಅವಲಂಬಿತರು. ಏಳು ಜನರ ಮನೆಯಲ್ಲಿ ಯಾವ ಇಬ್ಬರನ್ನು ಬಿಡಬೇಕು? ಮುದುಕಿ ತಾಯಿಯನ್ನೋ, ಮೂರನೆಯ ಹೆಣ್ಣುಮಗುವನ್ನೋ? ಯೋಜನೆಯಲ್ಲಿ ಹೆಣ್ಣನ್ನು ಬಿಡಿ ಎಂದು ಬರೆದಿರಲಿಲ್ಲ. ಆದರೆ ಆಯ್ಕೆಯನ್ನು ಮನೆಯವರಿಗೆ ಬಿಟ್ಟ ಮೇಲೆ ಯಾರು ಹೊರಗುಳಿಯುತ್ತಾರೆಂದು ಬರೆಯಬೇಕಾಗಿಯೂ ಇಲ್ಲ. 2018ರಲ್ಲಿ ಈ ತಲೆಯೆಣಿಕೆಯ ಮಿತಿಯನ್ನು ತೆಗೆದುಹಾಕಿದ್ದು ಒಳ್ಳೆಯ ಕೆಲಸ. ಮನೆಯಲ್ಲಿ ಎಷ್ಟೇ ಜನರಿರಲಿ, ವಯಸ್ಸು ಎಷ್ಟೇ ಇರಲಿ, ಎಲ್ಲರೂ ಸೇರುತ್ತಾರೆ. ಆದರೆ ಚೀಟಿಯಲ್ಲಿ ಹೆಸರಿರಬೇಕು.

ಹೆಸರಿರುತ್ತದೆಯೇ? ಮದುವೆಯಾದ ಹುಡುಗಿಯ ಹೆಸರನ್ನು ತವರಿನ ಚೀಟಿಯಿಂದ ತೆಗೆಸುತ್ತಾರೆ. ಗಂಡನ ಮನೆಯ ಚೀಟಿಗೆ ಸೇರಿಸುವುದು ಮಾತ್ರ ನಾಳೆ, ನಾಡಿದ್ದು ಎಂದು ಮುಂದಕ್ಕೆ ಹೋಗುತ್ತದೆ. ಮಗುವಾದ ಮೇಲೆ ಎರಡನ್ನೂ ಒಟ್ಟಿಗೆ ಸೇರಿಸಿದರಾಯಿತು ಎನ್ನುತ್ತಾರೆ. ಹೀಗೆ ಎರಡು ಮನೆಯ ನಡುವೆ, ಯಾವ ಚೀಟಿಯಲ್ಲೂ ಇಲ್ಲದೆ, ಅವಳ ಬದುಕಿನ ಅತ್ಯಂತ ಅಪಾಯದ ವರ್ಷಗಳು ಕಳೆಯುತ್ತವೆ. ಮದುವೆಯಾದ ಏಳು ವರ್ಷದೊಳಗಿನ ಅಸಹಜ ಸಾವನ್ನು ಕಾನೂನು ಅನುಮಾನದಿಂದ ನೋಡುತ್ತದೆಂದು ಬೆಳಗ್ಗೆ ಕೇಳಿದಿರಿ. ಅದೇ ಏಳು ವರ್ಷ ಇದು.

ಇನ್ನೊಂದು ವಿಚಿತ್ರ. 2013ರ ಆಹಾರ ಭದ್ರತಾ ಕಾಯ್ದೆಯ 13ನೆಯ ಕಲಮಿನ ಪ್ರಕಾರ 18 ವರ್ಷ ತುಂಬಿದವರಲ್ಲಿ ಮನೆಯ ಹಿರಿಯ ಹೆಂಗಸೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಹೆಣ್ಣಿಗೆ ಯಜಮಾನಿಕೆ ಕೊಟ್ಟ ಈ ಕಲಮನ್ನು ನಾವೆಲ್ಲ ಸ್ವಾಗತಿಸಿದ್ದೇವೆ, ಈಗಲೂ ಸ್ವಾಗತಿಸುತ್ತೇವೆ. ಆದರೆ ಕೂಡುಕುಟುಂಬದಲ್ಲಿ ಹಿರಿಯ ಹೆಂಗಸು ಎಂದರೆ ಅತ್ತೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ ಯಜಮಾನಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿಯ ಬೆಲೆಯೂ ಬಂತು. ಅತ್ತೆ ಸೊಸೆ ಹೊಂದಿಕೊಂಡ ಮನೆಯಲ್ಲಿ ತೊಂದರೆಯಿಲ್ಲ. ಹೊಂದಿಕೆಯಿಲ್ಲದ ಮನೆಯಲ್ಲಿ ಆ ಚೀಟಿ ಅತ್ತೆಯ ಟ್ರಂಕಿನೊಳಗೆ ಸೀರೆಗಳ ಕೆಳಗೆ ಸೇರುತ್ತದೆ. ಅದರ ಜೊತೆಗೇ ಸೊಸೆಯ ಐದು ಲಕ್ಷದ ಚಿಕಿತ್ಸೆಯೂ ಅಲ್ಲಿಗೆ ಸೇರಿತೆಂದು ಅವಳು ತಿಳಿಯುತ್ತಾಳೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕತೆ ಹೇಳುತ್ತೇನೆ. ಓದಿದವಳು, ಬಿ.ಎ. ಮುಗಿಸಿದವಳು. ಗಂಡ ತಳ್ಳಿದ ರಭಸಕ್ಕೆ ತೊಡೆಯ ಮೂಳೆ ಮುರಿಯಿತು. ತವರಿನವರು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿ ಪಡಿತರ ಚೀಟಿ ಕೇಳಿದರು. ಅವಳ ತಮ್ಮ ಅಕ್ಕನ ಗಂಡನ ಮನೆಗೆ ಹೋಗಿ ಅಂಗಳದಲ್ಲಿ ನಿಂತು ಕೇಳಿದ. "ಕೊಟ್ಟ ಹೆಣ್ಣನ್ನು ಕರಕೊಂಡು ಹೋದಿರಲ್ಲ, ಈಗ ಕಾರ್ಡು ಬೇರೆ ಬೇಕೇ?" ಎಂದು ಅತ್ತೆ ಬಾಗಿಲು ಹಾಕಿಕೊಂಡರು. ಚೀಟಿ ತೋರಿಸದವರು ಸಾಮಾನ್ಯ ರೋಗಿ ಎಂಬುದು ಯೋಜನೆಯ ನಿಯಮ. ಆಸ್ಪತ್ರೆಯವರು ಹಾಗೆಯೇ ಬರೆದುಕೊಂಡರು. ತಮ್ಮ ಎರಡು ಹಸು ಮಾರಿದ, ಸಾಲದ್ದಕ್ಕೆ ಕೈಸಾಲ ಮಾಡಿದ. ಅವಳ ಹೆಸರು ಆ ಚೀಟಿಯಲ್ಲಿ ಇತ್ತು. ಆಧಾರ್ ಸಂಖ್ಯೆಯೂ ಅದಕ್ಕೆ ಜೋಡಣೆಯಾಗಿತ್ತು. ಚೀಟಿಯ ಸಂಖ್ಯೆ ಒಂದು ಅವಳ ಬಳಿ ಇದ್ದಿದ್ದರೆ, ಅವಳ ಹೆಸರಿನ ಆಯುಷ್ಮಾನ್ ಕಾರ್ಡು ಮೊದಲೇ ಆಗಿದ್ದರೆ, ಅತ್ತೆಯ ಬಾಗಿಲಿಗೆ ಹೋಗುವ ಅಗತ್ಯವೇ ಇರಲಿಲ್ಲ. ಅವಳಿಗೆ ಅದು ತಿಳಿದಿರಲಿಲ್ಲ. ತಿಳಿಸಬೇಕಾದ ಜಾಗದಲ್ಲಿ ಕೂತವರು ತಿಳಿಸಲಿಲ್ಲ.

ನಿಮ್ಮ ಹೆಸರಿನ ಕಾರ್ಡು

ಆದ್ದರಿಂದ ಮೊದಲ ಪಾಠ: ಹಣದ ಮಿತಿ ಕುಟುಂಬಕ್ಕೆ, ಆದರೆ ಕಾರ್ಡು ಒಬ್ಬೊಬ್ಬರಿಗೆ. ಆಯುಷ್ಮಾನ್ ಕಾರ್ಡನ್ನು ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಬೇರೆ ಬೇರೆಯಾಗಿಯೇ ಮಾಡಿಕೊಡುತ್ತಾರೆ. ಗಂಡನ ಕಾರ್ಡು ಆಗಿದೆಯಲ್ಲ, ಅದರಲ್ಲೇ ನಾನೂ ಇದ್ದೇನೆ ಎಂದು ಸುಮ್ಮನಿರಬೇಡಿ. ಚೀಟಿಯಲ್ಲಿ ಹೆಸರಿರುವ ಯಾವ ಹೆಂಗಸಾದರೂ ಯಾರ ಸಹಿಯೂ ಇಲ್ಲದೆ ತನ್ನ ಕಾರ್ಡನ್ನು ತಾನೇ ಮಾಡಿಸಿಕೊಳ್ಳಬಹುದು.

ಬೇಕಾದದ್ದು ಎರಡು: ಆಧಾರ್ ಮತ್ತು ಪಡಿತರ ಚೀಟಿಯ ಸಂಖ್ಯೆ. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಮಾಡಿಕೊಡುತ್ತಾರೆ. ಮೊಬೈಲ್ ಬಲ್ಲವರು ಆಯುಷ್ಮಾನ್ ಆ್ಯಪ್‌ನಲ್ಲಿ ತಾವೇ ಮಾಡಿಕೊಳ್ಳಬಹುದು. ಇಲ್ಲೊಂದು ಸೂಕ್ಷ್ಮವಿದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಂದು ಗುಪ್ತಸಂಖ್ಯೆ, ಎಲ್ಲರೂ ಓಟಿಪಿ ಎನ್ನುವುದು, ಬರುತ್ತದೆ. ಎಷ್ಟೋ ಹೆಂಗಸರ ಆಧಾರ್‌ಗೆ ಜೋಡಿಸಿರುವುದು ಗಂಡನ ಮೊಬೈಲು. ಓಟಿಪಿ ಅವನಿಗೆ ಹೋಗುತ್ತದೆ, ಇವಳು ಕೇಂದ್ರಕ್ಕೆ ಹೋಗಿದ್ದಾಳೆಂಬ ಸುದ್ದಿಯೂ ಅದರ ಜೊತೆಗೇ ಹೋಗುತ್ತದೆ. ಅಂಥವರು ಓಟಿಪಿ ಬೇಡ, ಬೆರಳಚ್ಚಿನ ಮೂಲಕ ಮಾಡಿ ಎಂದು ಕೇಳಬೇಕು, ಅದಕ್ಕೆ ಅವಕಾಶವಿದೆ. ಆಮೇಲೆ ಆಧಾರ್ ಕೇಂದ್ರದಲ್ಲಿ ಮೊಬೈಲ್ ಸಂಖ್ಯೆಯನ್ನು ತಮ್ಮದಕ್ಕೆ ಬದಲಾಯಿಸಿಕೊಳ್ಳಬೇಕು.

ಕಾರ್ಡು ಕೈಗೆ ಬಂದ ಮೇಲೆ ಅದರ ಒಂದು ನಕಲನ್ನು ಮನೆಯ ಹೊರಗೆ ಇಡಿ: ತವರಿನಲ್ಲಿ, ಗೆಳತಿಯ ಮನೆಯಲ್ಲಿ, ಸಂಘದ ಕಡತದಲ್ಲಿ. ಕಾರ್ಡಿನ ಸಂಖ್ಯೆಯನ್ನೂ ಪಡಿತರ ಚೀಟಿಯ ಸಂಖ್ಯೆಯನ್ನೂ ಮಗುವಿನ ಶಾಲೆ ಪುಸ್ತಕದ ಹಿಂದೆ ಬರೆದಿಟ್ಟರೂ ಸರಿ. ಬಂಗಾರ ಕದಿಯಬಹುದು, ಸಂಖ್ಯೆಯನ್ನು ಕದಿಯಲಾಗುವುದಿಲ್ಲ.

ಗಂಡನ ಮನೆಯಿಂದ ಹೊರಬಂದವರಿಗೆ ಇನ್ನೊಂದು ಮಾತು. ಸಿಟ್ಟಿನಲ್ಲಿ ಮೊದಲು ಹೆಸರು ತೆಗೆಸಿಕೊಂಡು ಬರುತ್ತೇನೆ ಎನ್ನಬೇಡಿ. ಒಬ್ಬರ ಹೆಸರು ಒಂದೇ ಪಡಿತರ ಚೀಟಿಯಲ್ಲಿ ಇರಲು ಸಾಧ್ಯ. ಹೊಸ ಚೀಟಿಗೆ ಅರ್ಜಿ ತೆಗೆದುಕೊಳ್ಳುವುದನ್ನು ನಮ್ಮ ರಾಜ್ಯದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ್ದ ಕಾಲವನ್ನೂ, ತಿದ್ದುಪಡಿಗೆ ಎರಡು ಮೂರು ದಿನ ಮಾತ್ರ ಬಾಗಿಲು ತೆರೆದ ಕಾಲವನ್ನೂ ನಾವು ನೋಡಿದ್ದೇವೆ. ಆ ನಡುವೆ ಕಾಯಿಲೆ ಬಿದ್ದರೆ ನೀವು ಎಲ್ಲಿಯೂ ಇಲ್ಲದವರಾಗುತ್ತೀರಿ. ತವರಿನ ಚೀಟಿಗೆ ಸೇರುವ ದಾರಿ ಅಥವಾ ನಿಮ್ಮದೇ ಚೀಟಿಯ ದಾರಿ ಖಚಿತವಾಗುವವರೆಗೆ ಹಳೆಯ ಹೆಸರು ಅಲ್ಲಿರಲಿ. ಅದು ಗಂಡನ ಉಪಕಾರವಲ್ಲ, ನಿಮ್ಮ ಹಕ್ಕು. ಅವರು ಚೀಟಿ ಬಚ್ಚಿಟ್ಟರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯನ್ನು ನೆನಪಿಸಿಕೊಳ್ಳಿ. ಮನೆಯ ಸಂಬಂಧದಿಂದ ಹೆಂಗಸು ಅನುಭವಿಸಬೇಕಾದ ಸೌಲಭ್ಯಗಳನ್ನು ತಡೆಯುವುದನ್ನು ಅದರ 3ನೆಯ ಕಲಮು ಆರ್ಥಿಕ ಹಿಂಸೆ ಎಂದು ಹೇಳುತ್ತದೆ. ಚೀಟಿ ಬಚ್ಚಿಡುವುದನ್ನು ಸಂರಕ್ಷಣಾಧಿಕಾರಿ ಬರೆದುಕೊಳ್ಳುವ ವರದಿಯಲ್ಲಿ ತಪ್ಪದೆ ಸೇರಿಸಿ. ಅದೇ ಕಾಯ್ದೆಯ 20ನೆಯ ಕಲಮಿನಲ್ಲಿ ಚಿಕಿತ್ಸೆಯ ವೆಚ್ಚವನ್ನು ಗಂಡನಿಂದ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಕಾರ್ಡು ಭರಿಸದ ಖರ್ಚಿನ ರಸೀದಿಗಳನ್ನೆಲ್ಲ ಜೋಪಾನ ಮಾಡಿ.

ದುಡಿಮೆಯಿಂದ ಬರುವ ಹಕ್ಕು

ಗಂಡನ ಮನೆಯ ಚೀಟಿಯನ್ನು ನೆಚ್ಚದ ದಾರಿಗಳೂ ಇವೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳು ಇಲ್ಲಿ ಹಲವರಿದ್ದೀರಿ. ನಿಮ್ಮ ಇಎಸ್‌ಐ ನಿಮ್ಮ ಹೆಸರಿನಲ್ಲಿದೆ. ವಿಮೆ ಮಾಡಿದವರು ನೀವು, ಗಂಡ ಮಕ್ಕಳು ನಿಮ್ಮ ಅವಲಂಬಿತರು. 2017ರಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. 2019ರ ಜುಲೈಯಲ್ಲಿ ವಂತಿಗೆ ಇಳಿದು, ಕೆಲಸಗಾರರದು ಸಂಬಳದ ಶೇಕಡಾ 0.75, ಮಾಲೀಕರದು ಶೇಕಡಾ 3.25 ಎಂದಾಯಿತು. ಇಎಸ್‌ಐ ಹೊರರೋಗಿ ಚಿಕಿತ್ಸೆಯನ್ನೂ ಔಷಧಿಯನ್ನೂ ಕೊಡುತ್ತದೆ. ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡಾ 70ರಷ್ಟನ್ನೂ ಕೊಡುತ್ತದೆ. ಏಟು ತಿಂದು ವಾರಗಟ್ಟಲೆ ಕೆಲಸಕ್ಕೆ ಹೋಗಲಾಗದವಳಿಗೆ ಇದರ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂದು ಹಣ ಮುರಿದಿದ್ದಾರೆಯೇ, ನಿಮ್ಮ ವಿಮಾ ಸಂಖ್ಯೆ ಯಾವುದು, ಈ ತಿಂಗಳೇ ನೋಡಿ. ಹಣ ಮುರಿದು ಕಟ್ಟದ ಮಾಲೀಕರೂ ಇದ್ದಾರೆ.

ಹಳ್ಳಿಯವರಿಗೆ ಯಶಸ್ವಿನಿ. 2018ರಲ್ಲಿ ನಿಂತಿದ್ದ ಅದನ್ನು 2022ರಲ್ಲಿ ಮತ್ತೆ ತಂದರು. ನೋಂದಣಿ ಆ ವರ್ಷದ ನವೆಂಬರ್‌ನಿಂದ, ಚಿಕಿತ್ಸೆ 2023ರ ಜನವರಿಯಿಂದ. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000 ರೂಪಾಯಿ ಎಂದು ಆಗ ಗೊತ್ತುಮಾಡಿದರು. ವರ್ಷಕ್ಕೆ 5 ಲಕ್ಷದ ಮಿತಿ. ನೋಂದಣಿಗೆ ಪ್ರತಿವರ್ಷ ಕೊನೆಯ ದಿನ ಇರುತ್ತದೆ. ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಇದಕ್ಕೆ ಸಹಕಾರ ಸಂಘದ ಸದಸ್ಯತ್ವ ಬೇಕು. ಹಸುವಿಗೆ ಹುಲ್ಲು ಹಾಕುವವಳು, ಹಾಲು ಕರೆಯುವವಳು, ಡೈರಿಗೆ ಹೊರುವವಳು ಹೆಂಗಸು. ಸಂಘದ ಪುಸ್ತಕದಲ್ಲಿ ಸದಸ್ಯ ಗಂಡ. ಈ ಸಾಲನ್ನು ಬದಲಾಯಿಸಿ. ಮಹಿಳಾ ಹಾಲು ಉತ್ಪಾದಕರ ಸಂಘ ಇರುವ ಊರುಗಳಲ್ಲಿ ನೀವೇ ಸದಸ್ಯರಾಗಿ. ಸದಸ್ಯತ್ವದ ಷೇರು ಹಣ ಒಂದು ಸೀರೆಯ ಬೆಲೆಗಿಂತ ಹೆಚ್ಚಲ್ಲ.

ಆಸ್ಪತ್ರೆಯ ಬಾಗಿಲಲ್ಲಿ

ಕಾರ್ಡು ಇದ್ದರೆ ಸಾಲದು, ದಾರಿ ತಿಳಿದಿರಬೇಕು. ಆಯುಷ್ಮಾನ್ – ಆರೋಗ್ಯ ಕರ್ನಾಟಕದಲ್ಲಿ ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರ ಬರೆದುಕೊಡುತ್ತಾರೆ. ಅದನ್ನು ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. 2018ರಲ್ಲಿ ಯೋಜನೆ ಆರಂಭವಾದಾಗ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. ಅವುಗಳಲ್ಲಿ 169 ತುರ್ತು ಚಿಕಿತ್ಸೆಗಳು. ತುರ್ತು ಚಿಕಿತ್ಸೆಗೆ ಶಿಫಾರಸು ಪತ್ರ ಬೇಕಾಗಿಲ್ಲ. ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ. ಮೊದಲು ಅವರನ್ನು ಹುಡುಕಿ. ಉಚಿತ ಚಿಕಿತ್ಸೆಗೆ ಅರ್ಹರಾದವರಿಂದ ಮುಂಗಡ ಕೇಳಿದರೆ 104ಕ್ಕೆ ಅಥವಾ 14555ಕ್ಕೆ ಫೋನು ಮಾಡಿ ಹೇಳಿ.

ಯೋಜನೆಯ ಮಿತಿಯೂ ಗೊತ್ತಿರಲಿ. ಇದು ಆಸ್ಪತ್ರೆಗೆ ಸೇರಿದವರಿಗೆ. ಕಪಾಳಕ್ಕೆ ಬಿದ್ದ ಏಟಿಗೆ ಕಿವಿ ತಮಟೆ ಹರಿದರೆ, ಹೊರರೋಗಿಯಾಗಿ ತೋರಿಸಿಕೊಂಡು ಬರುವ ಖರ್ಚು ಇದರಲ್ಲಿ ಬರುವುದಿಲ್ಲ. ಅದಕ್ಕೆ ಸರ್ಕಾರಿ ಆಸ್ಪತ್ರೆಯೇ ಗತಿ. ಐದು ಲಕ್ಷ ಇಡೀ ಕುಟುಂಬಕ್ಕೆ ಸೇರಿದ ಹಣವಾದ್ದರಿಂದ ಮಾವನ ಹೃದಯದ ಶಸ್ತ್ರಚಿಕಿತ್ಸೆಗೆ ಬಳಸಿದಷ್ಟು ಆ ವರ್ಷ ನಿಮಗೆ ಕಡಿಮೆಯಾಗುತ್ತದೆ.

ಆದರೆ ಕಾರ್ಡು ಇಲ್ಲವೆಂದು ಯಾರನ್ನೂ ಬಾಗಿಲಲ್ಲಿ ಸಾಯಲು ಬಿಡುವಂತಿಲ್ಲ. 1989ರ ಪರಮಾನಂದ ಕಟಾರಾ ತೀರ್ಪಿನಲ್ಲಿ, ಪೊಲೀಸ್ ಕೇಸಿನ ವಿಧಿಗಳಿಗೆ ಕಾಯದೆ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟು ಹೇಳಿದೆ. ಅತ್ಯಾಚಾರಕ್ಕೆ, ಆ್ಯಸಿಡ್ ದಾಳಿಗೆ ತುತ್ತಾದವರಿಗೆ ಎಲ್ಲ ಆಸ್ಪತ್ರೆಗಳೂ ಹಣ ಕೇಳದೆ ತಕ್ಷಣ ಚಿಕಿತ್ಸೆ ಕೊಡಬೇಕೆಂದು ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮು ವಿಧಿಸುತ್ತದೆ. ಕೌಟುಂಬಿಕ ಹಿಂಸೆ ಕಾಯ್ದೆಯ 7ನೆಯ ಕಲಮಿನಂತೆ ಹಿಂಸೆಗೊಳಗಾದವಳು ಕೇಳಿದರೆ ಆಸ್ಪತ್ರೆಯ ಮುಖ್ಯಸ್ಥರು ಚಿಕಿತ್ಸೆ ಕೊಡಲೇಬೇಕು. ಜಿಲ್ಲಾ ಆಸ್ಪತ್ರೆಗಳ 'ಗೆಳತಿ' ಚಿಕಿತ್ಸಾ ಘಟಕಗಳೂ, ಸಖಿ ಕೇಂದ್ರಗಳೂ, 181 ಸಹಾಯವಾಣಿಯೂ ಇರುವುದು ಇದಕ್ಕೇ.

ಇನ್ನು ಆಸ್ಪತ್ರೆಯಲ್ಲಿ ಹೇಳುವ ಮಾತು. ಸ್ಟೌ ಸಿಡಿಯಿತು, ಬಚ್ಚಲಲ್ಲಿ ಜಾರಿದೆ, ಮೆಟ್ಟಿಲಿಂದ ಬಿದ್ದೆ. 1990ರ ದಶಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಹಾಸಿಗೆಯ ಪಕ್ಕ ಕೂತು ಕೇಳಿದ್ದು ಇಂಥ ಮಾತುಗಳನ್ನೇ. ಇಂದಿಗೂ ಅದೇ ಮಾತು. ಬಿಲ್ಲು ಕಟ್ಟುವವನು ಮಂಚದ ಪಕ್ಕ ನಿಂತಿರುವಾಗ ನಿಜ ಹೇಳಲು ಯಾರಿಗೆ ಧೈರ್ಯ ಬರುತ್ತದೆ? ಹೇಳಿದರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆಂಬ ಭಯ. ಕಾರ್ಡು ಅವಳ ಕೈಯಲ್ಲಿದ್ದರೆ ಈ ಭಯದ ಒಂದು ಬೇರು ಕತ್ತರಿಸಿದಂತೆ. ಸುಟ್ಟಗಾಯದ ಚಿಕಿತ್ಸೆ ಯೋಜನೆಯಲ್ಲಿ ಸೇರಿದೆ. ಗಾಯ ಹೇಗಾಯಿತೆಂದು ವೈದ್ಯರಿಗೆ ಹೇಳಿ, ಬರೆಸಿ. ಕೇಸ್ ಶೀಟು ಮುಂದೆ ಸಾಕ್ಷಿಯಾಗುತ್ತದೆ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆಗಳ ಪ್ರತಿ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಗಳೇ ಹೇಳುತ್ತವೆ.

ಕಾರ್ಡು ನಮ್ಮದು, ಶರೀರವೂ ನಮ್ಮದು

ಒಂದು ಎಚ್ಚರಿಕೆ ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ವಿಮೆಯ ಹಣ ಎಲ್ಲಿದೆಯೋ ಅಲ್ಲಿ ಅದನ್ನು ಹಿಂಡುವವರೂ ಇರುತ್ತಾರೆ. ಹಿಂದಿನ ಬಿಮಾ ಯೋಜನೆಯ ಕಾಲದಲ್ಲಿ ಬಿಹಾರದಲ್ಲಿ, ಛತ್ತೀಸಗಡದಲ್ಲಿ ಅಗತ್ಯವಿಲ್ಲದಿದ್ದರೂ ಬಡ ಹೆಂಗಸರ ಗರ್ಭಕೋಶ ತೆಗೆದ ಸಂಗತಿ 2012ರ ಹೊತ್ತಿಗೆ ಬಯಲಾಯಿತು. ನಮ್ಮ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರಿಂದಲೂ ಇಂಥದೇ ದೂರು ಎದ್ದಿತ್ತು. ಡಾ. ನರೇಂದ್ರ ಗುಪ್ತ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು. ಕಾರ್ಡು ಇದೆಯಲ್ಲ, ತೆಗೆಸಿಬಿಡಿ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನು, ಸರ್ಕಾರಿ ಆಸ್ಪತ್ರೆಯಲ್ಲಿ, ಕೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಕೈ ನಿಮ್ಮದು. ಅತ್ತೆಯೂ ಗಂಡನೂ ಒಪ್ಪಿದರೆ ಸಾಕೆಂಬ ಕಾನೂನು ಎಲ್ಲಿಯೂ ಇಲ್ಲ.

ಇಲ್ಲಿಂದ ಮುಂದೆ

ಸರ್ಕಾರದ ಮುಂದೆ ನಾವು ಇಡಬೇಕಾದ ಬೇಡಿಕೆ ಸ್ಪಷ್ಟವಿದೆ. ಕೌಟುಂಬಿಕ ಹಿಂಸೆಯ ವರದಿ ದಾಖಲಾದ ಹೆಂಗಸನ್ನು, ಅವಳ ಮಕ್ಕಳೊಡನೆ, ಒಂದು ಪ್ರತ್ಯೇಕ ಕುಟುಂಬವೆಂದು ಕೂಡಲೇ ಪರಿಗಣಿಸಬೇಕು. ಹೊಸ ಪಡಿತರ ಚೀಟಿಗೆ ವಿಚ್ಛೇದನದ ತೀರ್ಪು ಬರುವವರೆಗೆ ಅವಳನ್ನು ಕಾಯಿಸಬಾರದು. ಅರ್ಜಿಯ ಬಾಗಿಲು ಎಲ್ಲರಿಗೂ ಮುಚ್ಚಿರುವಾಗಲೂ ಅವಳಿಗೆ ತೆರೆದಿರಬೇಕು. ಇದು ಹೊಸ ತತ್ವವೂ ಅಲ್ಲ. 2011ರ ಸಾಮಾಜಿಕ ಆರ್ಥಿಕ ಗಣತಿಯನ್ನು ಆಧರಿಸಿದ ಕೇಂದ್ರದ ಪಟ್ಟಿಯಲ್ಲಿ, 16ರಿಂದ 59 ವರ್ಷದ ಗಂಡಸಿಲ್ಲದ, ಹೆಂಗಸೇ ನಡೆಸುವ ಗ್ರಾಮೀಣ ಕುಟುಂಬವನ್ನು ಅರ್ಹತೆಯ ಒಂದು ವರ್ಗವೆಂದೇ ಗುರುತಿಸಿದ್ದಾರೆ. ಗಂಡ ಸತ್ತವಳನ್ನು ಗುರುತಿಸುವ ಕಣ್ಣಿಗೆ, ಗಂಡನಿಂದ ಸಾಯದೆ ಉಳಿದು ಬಂದವಳೂ ಕಾಣಬೇಕು.

ಸರ್ಕಾರ ಮಾಡುವವರೆಗೆ ನಾವು ಕೂರಬೇಕಾಗಿಲ್ಲ. ನಮ್ಮ ಸಂಘಕ್ಕೆ ಒಬ್ಬಳು ಬಂದಾಗ ನಾವು ಬರೆದುಕೊಳ್ಳುವ ಹಾಳೆಯಲ್ಲಿ ಮದುವೆಯ ದಿನಾಂಕ, ಕೊಟ್ಟ ವರದಕ್ಷಿಣೆ, ಹಿಂಸೆಯ ವಿವರ ಎಂಬ ಕಾಲಂಗಳಿವೆ. ಅದಕ್ಕೆ ಇನ್ನು ನಾಲ್ಕು ಸೇರಲಿ: ನಿನ್ನ ಹೆಸರು ಯಾವ ಪಡಿತರ ಚೀಟಿಯಲ್ಲಿದೆ? ಅದರ ಸಂಖ್ಯೆ ಏನು? ನಿನ್ನ ಆಯುಷ್ಮಾನ್ ಕಾರ್ಡು ಆಗಿದೆಯೇ? ಆಧಾರ್‌ಗೆ ಜೋಡಿಸಿದ ಮೊಬೈಲು ಯಾರದು? ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಅವಳ ಕಡತವನ್ನು ಮುಚ್ಚಬೇಡಿ. ಹೊಸದಾಗಿ ಮದುವೆಯಾಗಿ ಊರಿಗೆ ಬಂದ ಸೊಸೆಯರನ್ನು ಸಂಘಕ್ಕೆ ಕರೆದು, ಅರಿಸಿನ ಕುಂಕುಮದ ಜೊತೆಗೆ ಅವರ ಹೆಸರು ಚೀಟಿಗೆ ಸೇರಿಸುವ ಅರ್ಜಿಯನ್ನೂ ಕೊಡಿ. ಹಿಂಸೆ ಶುರುವಾಗುವ ಮೊದಲೇ ಮಾಡಿದರೆ ಅದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ. ಅತ್ತೆಯೇ ಸಂತೋಷದಿಂದ ಆಧಾರ್ ತಂದುಕೊಟ್ಟಾರು.

ಒಂದು ಕಾರ್ಡಿನಿಂದ ಹೊಡೆಯುವ ಕೈ ನಿಲ್ಲುವುದಿಲ್ಲ, ಅದು ನನಗೂ ಗೊತ್ತು. ಆದರೆ ಏಟು ತಿಂದವಳು ಚಿಕಿತ್ಸೆಗಾಗಿ ಏಟು ಕೊಟ್ಟವನ ಮುಖ ನೋಡಬೇಕಾಗಿಲ್ಲ, ಅಪ್ಪನ ಹೊಲ ಮಾರಿಸಬೇಕಾಗಿಲ್ಲ ಎಂದಾದರೆ ಅವಳ ಬೆನ್ನು ಒಂದಿಷ್ಟು ನೆಟ್ಟಗಾಗುತ್ತದೆ. ಹೊರಗಿನ ಮೇಜಿನ ಮೇಲೆ ಪಟ್ಟಿ ಇಟ್ಟಿದ್ದೇವೆ. ಹೋಗುವ ಮೊದಲು ನಿಮ್ಮ ಹೆಸರಿನ ಮುಂದೆ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮೊದಲು ನಮ್ಮದು ಸರಿಯಿದೆಯೇ ನೋಡಿಕೊಳ್ಳೋಣ.